ಗುಬ್ಬಿಯ ಕೊರಳಿನಿಂದ ರಂಗನತಿಟ್ಟಿನವರೆಗೆ

ಮರಿಗಳನ್ನು ಕಳೆದುಕೊಂಡು ರೆಕ್ಕೆ ಬಡಿಯುತ್ತಿದ್ದ ತಾಯಿಹಕ್ಕಿಗೆ ಅವುಗಳನ್ನು ಮರಳಿಸುವಂತೆ ಪ್ರವಾದಿವರ್ಯರು(ಸ) ಸಹಾಬಿಗಳಿಗೆ ಆಜ್ಞಾಪಿಸಿದ ಹದೀಸನ್ನು ವಸಂತಪುರದ ಮಕ್ಕಳಿಗೆ ಬೋಧಿಸುವಾಗಲೆಲ್ಲ ನನಗೆ ಪಕ್ಷಿತಜ್ಞ ಸಲೀಂ ಅಲಿಯವರು ನೆನಪಾಗುತ್ತಾರೆ.

1896ರಲ್ಲಿ ಮುಂಬಯಿಯಲ್ಲಿ ಜನಿಸಿದ ಈ ಅನಾಥ ಬಾಲಕ ಮೊದಲು ಬೇಟೆಗಾರನೇ. ತಾನು ಹೊಡೆದುರುಳಿಸಿದ ಗುಬ್ಬಿಯ ಕೊರಳಲ್ಲಿ ಹಳದಿ ಮಚ್ಚೆ ಕಂಡು, ಇದನ್ನು ತಿನ್ನುವುದು ಸಮ್ಮತವೇ ಎಂಬ ಸಂದೇಹದಿಂದ ಸೋದರಮಾವ ಅಮೀರುದ್ದೀನ್ ತಯ್ಯಬ್‌ಜಿಯವರ ಬಳಿಗೆ ಒಯ್ದನು. ಅವರು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು. ಹಲಾಲಿನ ಒಂದು ಸಂದೇಹ ಎಲ್ಲಿಗೆ ಕೊಂಡೊಯ್ದಿತು ನೋಡಿ!

ಮುಂದೆ ಮೈಸೂರು ಸಂಸ್ಥಾನದ ಪಕ್ಷಿಸಮೀಕ್ಷೆಗೆ ಬಂದ ಅವರು, ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಹಕ್ಕಿಗಳು ಗೂಡು ಕಟ್ಟುವುದನ್ನು ಕಂಡು, ರಕ್ಷಣೆ ನೀಡುವಂತೆ ಒಡೆಯರನ್ನು ಒಪ್ಪಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು.

ನಮ್ಮ ಸಭೆಗಳಲ್ಲಿ ಅವರ ಹೆಸರು ಕೇಳಿಬರುವುದು ಅಪರೂಪ. ತಾಯಿಹಕ್ಕಿಯ ಹದೀಸಿನ ಪಾಠದ ದಿನ ನಾನು ಆ ಹೆಸರನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತೇನೆ.