ಕೋಟೆ ಬಿಡದ ಕಿಲ್ಲೇದಾರ: ಬಹಾದೂರ್ ಖಾನ್



ಸ್ವಾತಂತ್ರ್ಯ ಸಂಗ್ರಾಮ ಎಂದಕೂಡಲೇ ನಮ್ಮ ನೆನಪು 1857ಕ್ಕೆ ಓಡುತ್ತದೆ. ಆದರೆ ಕನ್ನಡ ನಾಡಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧದ ಕದನ ಅದಕ್ಕೂ ತೊಂಬತ್ತು ವರ್ಷ ಮೊದಲೇ ಆರಂಭವಾಗಿತ್ತು. 1767ರಿಂದ 1799ರವರೆಗೆ ಮೈಸೂರು ಸಂಸ್ಥಾನ ಕಂಪನಿಯೊಡನೆ ನಾಲ್ಕು ಯುದ್ಧಗಳನ್ನು ಮಾಡಿತು. ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು. ಅವರ ಮಾತಿಗೆ ಪ್ರಾಣ ಕೊಟ್ಟ ಸೇನಾಧಿಕಾರಿಗಳಲ್ಲಿ ಎಷ್ಟು ಜನರ ಹೆಸರನ್ನು ನೀವು ಹೇಳಬಲ್ಲಿರಿ? ನಮ್ಮದೇ ಬೆಂಗಳೂರಿನ ಕೋಟೆಯನ್ನು ಕಾಯುತ್ತಾ ಹುತಾತ್ಮರಾದ ಕಿಲ್ಲೇದಾರ ಬಹಾದೂರ್ ಖಾನರ ಹೆಸರನ್ನು ಬೆಂಗಳೂರಿನವರೇ ಹೆಚ್ಚಾಗಿ ಕೇಳಿಲ್ಲ.

ಕಿಲ್ಲೇದಾರ ಎಂದರೆ ಕೋಟೆಯ ಮುಖ್ಯಾಧಿಕಾರಿ. ಸೈನಿಕರು, ಮದ್ದುಗುಂಡು, ದವಸಧಾನ್ಯ, ಬಾಗಿಲುಗಳ ಬೀಗದ ಕೈ, ಎಲ್ಲವೂ ಅವನ ಹೊಣೆ. ಕೋಟೆ ಉಳಿದರೆ ಕೀರ್ತಿ ದೊರೆಗೆ, ಬಿದ್ದರೆ ಅಪಕೀರ್ತಿ ಕಿಲ್ಲೇದಾರನಿಗೆ. ಬಹಾದೂರ್ ಖಾನರು ಮೊದಲು ಕೃಷ್ಣಗಿರಿಯ ಫೌಜುದಾರರಾಗಿದ್ದರು. ಯುದ್ಧ ಬೆಂಗಳೂರಿನತ್ತ ಬಂದಾಗ ಸುಲ್ತಾನರು ಈ ಕೋಟೆಯನ್ನು ಅವರ ಕೈಗೆ ಒಪ್ಪಿಸಿದರು. ಆಗ ಅವರಿಗೆ ಸುಮಾರು ಎಪ್ಪತ್ತು ವರ್ಷ. ಮನೆಯಲ್ಲಿ ಕುಳಿತು ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಅವರು ರಾಜ್ಯದ ಎರಡನೆಯ ಮುಖ್ಯ ಕೋಟೆಯ ಭಾರ ಹೊತ್ತರು.

ಬೆಂಗಳೂರಿನ ಮುತ್ತಿಗೆ

ಮೂರನೆಯ ಮೈಸೂರು ಯುದ್ಧ ನಡೆದದ್ದು 1790ರಿಂದ 1792ರವರೆಗೆ. ಕಂಪನಿಯ ಜೊತೆಗೆ ಹೈದರಾಬಾದಿನ ನಿಜಾಮರೂ ಮರಾಠರೂ ಸೇರಿದ್ದರು. ಇದನ್ನು ಮುಸ್ಲಿಮರ ಮತ್ತು ಹಿಂದೂಗಳ ನಡುವಿನ ಯುದ್ಧ ಎಂದಾಗಲಿ, ಒಂದು ಧರ್ಮದ ಯುದ್ಧ ಎಂದಾಗಲಿ ಹೇಳುವವರು ಈ ಒಂದು ಸಂಗತಿಯನ್ನು ಗಮನಿಸಬೇಕು. ನಿಜಾಮರು ಮುಸ್ಲಿಮರು, ಆದರೂ ಕಂಪನಿಯ ಪಕ್ಷದಲ್ಲಿದ್ದರು. ಮೈಸೂರಿನ ಸೈನ್ಯದಲ್ಲಿ ಹಿಂದೂಗಳೂ ಮುಸ್ಲಿಮರೂ ಒಟ್ಟಿಗೆ ಹೋರಾಡಿದರು. ಪ್ರಶ್ನೆ ಇದ್ದದ್ದು ಇಷ್ಟೇ: ಈ ನಾಡು ಕಂಪನಿಯ ಅಂಕೆಗೆ ಒಳಗಾಗಬೇಕೇ, ಬೇಡವೇ?

ಗವರ್ನರ್ ಜನರಲ್ ಲಾರ್ಡ್ ಕಾರ್ನ್‌ವಾಲಿಸ್ ತಾನೇ ಸೈನ್ಯದ ಮುಂದಾಳಾಗಿ ಬಂದ. ಅಮೆರಿಕದವರ ಸ್ವಾತಂತ್ರ್ಯ ಯುದ್ಧದಲ್ಲಿ, 1781ರಲ್ಲಿ, ಯಾರ್ಕ್‌ಟೌನಿನಲ್ಲಿ ಶರಣಾದ ಸೇನಾನಿ ಇವನೇ. ಕೋಲಾರ, ಹೊಸಕೋಟೆಗಳನ್ನು ಹಿಡಿದು 1791ರ ಮಾರ್ಚ್ ಮೊದಲ ವಾರದಲ್ಲಿ ಅವನು ಬೆಂಗಳೂರಿನ ಮುಂದೆ ನಿಂತ.

ಆಗಿನ ಬೆಂಗಳೂರು ಎರಡು ಭಾಗ. ಉತ್ತರಕ್ಕೆ ಕಂದಕ ಮತ್ತು ಮುಳ್ಳುಬೇಲಿಯ ನಡುವಿನ ಪೇಟೆ, ದಕ್ಷಿಣಕ್ಕೆ ಕಲ್ಲಿನ ಕೋಟೆ. ಕೆಂಪೇಗೌಡರ ಕಾಲದ ಮಣ್ಣಿನ ಕೋಟೆಯ ಜಾಗದಲ್ಲಿ ಹೈದರಾಲಿ ಕಲ್ಲಿನ ಗೋಡೆಯನ್ನು ಭದ್ರವಾಗಿ ಕಟ್ಟಿಸಿದ್ದರು. ಮಾರ್ಚ್ 7ರಂದು ಬ್ರಿಟಿಷರು ಪೇಟೆಯ ಬಾಗಿಲು ಒಡೆದು ನುಗ್ಗಿದರು. ಅವರ ಫಿರಂಗಿ ದಳದ ಕರ್ನಲ್ ಮೂರ್‌ಹೌಸ್ ಅಲ್ಲಿಯೇ ಸತ್ತ. ಪೇಟೆಯನ್ನು ಮರಳಿ ಪಡೆಯಲು ಸುಲ್ತಾನರ ಸೈನ್ಯ ಬೀದಿ ಬೀದಿಯಲ್ಲಿ ಹೋರಾಡಿತು, ಆದರೆ ಸಾಧ್ಯವಾಗಲಿಲ್ಲ.

ಅಲ್ಲಿಂದ ಮುಂದೆ ಎರಡು ವಾರ ಫಿರಂಗಿಗಳು ಕೋಟೆಯ ಉತ್ತರದ ಗೋಡೆಯನ್ನು ಹೊಡೆದವು. ಸುಲ್ತಾನರ ಸೈನ್ಯ ಪಶ್ಚಿಮಕ್ಕೆ ಕೆಂಗೇರಿಯ ಕಡೆ ಬೀಡುಬಿಟ್ಟಿತ್ತು. ಇಂದು ನಾವು ಮನೆ ಕಟ್ಟಿಕೊಂಡು ಬದುಕುತ್ತಿರುವ ನಗರದ ಈ ಪಶ್ಚಿಮ ಭಾಗದಿಂದಲೇ ಕೋಟೆಗೆ ನೆರವು ಬರಬೇಕಾಗಿತ್ತು. ಮಾರ್ಚ್ 21ರಂದು ಸುಲ್ತಾನರ ಸೈನ್ಯ ಮುಂದೆ ಬಂದು ಮುತ್ತಿಗೆಯನ್ನು ಮುರಿಯುವ ಸೂಚನೆ ತೋರಿಸಿತು. ಇನ್ನು ತಡಮಾಡಿದರೆ ಅಪಾಯ ಎಂದು ಅರಿತ ಕಾರ್ನ್‌ವಾಲಿಸ್ ಆ ರಾತ್ರಿಯೇ ಲಗ್ಗೆ ಹಾಕಲು ಆಜ್ಞೆ ಕೊಟ್ಟ.

ಬಿರುಕಿನಲ್ಲಿ ನಿಂತವರು

ಬೆಳದಿಂಗಳ ರಾತ್ರಿ, ಹನ್ನೊಂದು ಗಂಟೆಯ ಸಮಯ. ಬ್ರಿಟಿಷ್ ಸೈನಿಕರು ಸದ್ದಿಲ್ಲದೆ ಬಂದು, ದೆಹಲಿ ಬಾಗಿಲಿನ ಸಮೀಪ ಗೋಡೆ ಒಡೆದಿದ್ದ ಜಾಗದಲ್ಲಿ ಏಣಿಗಳೊಡನೆ ಹತ್ತಿದರು. ಬಹಾದೂರ್ ಖಾನರು ತಮ್ಮವರೊಂದಿಗೆ ಅವರನ್ನು ಎದುರಿಸಿದರು. ಕೋಟೆಯ ದಕ್ಷಿಣಕ್ಕೆ ಮೈಸೂರು ಬಾಗಿಲಿತ್ತು. ಸೋಲು ಖಚಿತವಾದಾಗ ಎಷ್ಟೋ ಜನ ಆ ಕಡೆಗೆ ಓಡಿದರು. ಕಿಲ್ಲೇದಾರರು ಓಡಲಿಲ್ಲ. ಕತ್ತಿ ಹಿಡಿದು ಹೋರಾಡುತ್ತಲೇ ಬಿದ್ದರು. ಬೆಳಗಾಗುವಷ್ಟರಲ್ಲಿ ಕೋಟೆ ಶತ್ರುಗಳ ವಶವಾಗಿತ್ತು. ಒಳಗೆ ಸತ್ತವರು ಸಾವಿರಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಜನರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಬಹಾದೂರ್ ಖಾನರ ರೂಪವನ್ನು ನಮಗೆ ತಿಳಿಸಿರುವವರು ಅವರನ್ನು ಕೊಂದ ಸೈನ್ಯದವರೇ. ಎತ್ತರವಾದ ಗಟ್ಟಿ ಮೈಕಟ್ಟು, ಸೊಂಟದವರೆಗೆ ಇಳಿದ ಬಿಳಿಯ ಗಡ್ಡ, ನೋಡಿದವರು ಗೌರವಿಸುವಂತಹ ಮುಖ ಎಂದು ಅವರು ಬರೆದಿದ್ದಾರೆ. ಕಾರ್ನ್‌ವಾಲಿಸ್ ಆ ಮೃತದೇಹವನ್ನು ಸುಲ್ತಾನರಿಗೆ ಒಪ್ಪಿಸುವುದಾಗಿ ಹೇಳಿ ಕಳಿಸಿದ. ಸುಲ್ತಾನರ ಉತ್ತರವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಳಿದಿರಬೇಕು. ಸೈನಿಕನಿಗೆ ತಾನು ಕಾದಾಡಿ ಬಿದ್ದ ಸ್ಥಳಕ್ಕಿಂತ ಗೌರವದ ಸ್ಥಳ ಬೇರೆ ಇಲ್ಲ, ಆದ್ದರಿಂದ ಬೆಂಗಳೂರಿನ ಮುಸ್ಲಿಮರೇ ಅವರನ್ನು ಧರ್ಮವಿಧಿಯಂತೆ ಅಲ್ಲಿಯೇ ದಫನ ಮಾಡಲಿ ಎಂಬುದು ಅದರ ಸಾರ. ಹಾಗೆಯೇ ನಡೆಯಿತು.

ಬೆಂಗಳೂರು ಹೋದದ್ದು ಮೈಸೂರಿಗೆ ದೊಡ್ಡ ಪೆಟ್ಟಾಯಿತು. ಕಾರ್ನ್‌ವಾಲಿಸನಿಗೆ ನಾಡಿನ ನಡುವೆ ಒಂದು ನೆಲೆ ಸಿಕ್ಕಿತು. ಆದರೂ ಅದೇ ವರ್ಷ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದವರೆಗೆ ಹೋದವನು ಆಹಾರವಿಲ್ಲದೆ, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಬೇಕಾಯಿತು. 1792ರಲ್ಲಿ ಮತ್ತೆ ಬಂದಾಗ ಮಾತ್ರ ಒಪ್ಪಂದವಾಯಿತು. ಸುಲ್ತಾನರು ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯನ್ನೂ ಕೊಡಲು ಒಪ್ಪಿ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟರು. 1799ರ ಮೇ 4ರಂದು ಸುಲ್ತಾನರೂ ತಮ್ಮ ಕಿಲ್ಲೇದಾರರಂತೆಯೇ ಕೋಟೆಯ ಬಾಗಿಲಲ್ಲಿ ಕಾದಾಡಿ ಹುತಾತ್ಮರಾದರು.

ಯಾರ ನೆನಪು, ಯಾರ ಕಲ್ಲು?

ಈ ಯುದ್ಧದಲ್ಲಿ ಸತ್ತ ತಮ್ಮವರಿಗಾಗಿ ಬ್ರಿಟಿಷರು ಬೆಂಗಳೂರಿನಲ್ಲಿ ಎತ್ತರದ ಸ್ಮಾರಕಸ್ತಂಭ ನಿಲ್ಲಿಸಿ ಅಧಿಕಾರಿಗಳ ಹೆಸರು ಕೆತ್ತಿಸಿದರು. ಇಂದಿನ ನೃಪತುಂಗ ರಸ್ತೆಗೆ ಅದರಿಂದಲೇ ಸೆನೊಟಾಫ್ ರಸ್ತೆ ಎಂಬ ಹೆಸರಿತ್ತು. 1964ರಲ್ಲಿ ಆ ಸ್ತಂಭವನ್ನು ತೆಗೆದರು. ಕೋಟೆಯ ಉಳಿದ ಗೋಡೆಯ ಮೇಲೆ, ಬ್ರಿಟಿಷರು ನುಗ್ಗಿದ ಜಾಗವನ್ನು ತೋರಿಸುವ ಫಲಕ ಇದೆ. ನುಗ್ಗಿದವರ ಗುರುತು ಅಲ್ಲಿದೆ, ತಡೆದವರ ಹೆಸರು ಇಲ್ಲ.

ಆದರೆ ಜನಸಾಮಾನ್ಯರು ತಮ್ಮದೇ ರೀತಿಯಲ್ಲಿ ನೆನಪು ಉಳಿಸಿಕೊಂಡಿದ್ದಾರೆ. ಅವೆನ್ಯೂ ರಸ್ತೆ ಮಾರುಕಟ್ಟೆಯನ್ನು ಸೇರುವಲ್ಲಿ ಇರುವ ಹಜರತ್ ಮೀರ್ ಬಹಾದೂರ್ ಶಾ ಶಹೀದರ ದರ್ಗಾ ಈ ಕಿಲ್ಲೇದಾರರದೇ ಎಂದು ಜನ ನಂಬುತ್ತಾರೆ. ಅಂಗಡಿ ತೆರೆಯುವ ವ್ಯಾಪಾರಿ, ಹೂವಿನ ಬುಟ್ಟಿ ಹೊತ್ತ ಹೆಂಗಸು, ಹಿಂದೂ, ಮುಸ್ಲಿಂ ಎನ್ನದೆ ಅಲ್ಲಿ ತಲೆಬಾಗಿ ಮುಂದೆ ಹೋಗುತ್ತಾರೆ.

ಓದುಗರೇ, ಭಕ್ತಿ ನೆನಪನ್ನು ಉಳಿಸುತ್ತದೆ, ನಿಜ. ಆದರೆ ಆ ನೆನಪಿಗೆ ವರ್ಷ, ಸ್ಥಳ, ಕಾರಣ ಕೊಡುವುದು ವಿದ್ಯೆ ಮಾತ್ರ. ನಮ್ಮ ವೀರರ ವಿವರಕ್ಕಾಗಿ ಇಂದಿಗೂ ನಾವು ಎದುರಾಳಿಗಳು ಬರೆದಿಟ್ಟ ಪುಟಗಳನ್ನೇ ತಿರುವಬೇಕಾಗಿದೆ. ನಮ್ಮ ಮಕ್ಕಳಲ್ಲಿ ಕೆಲವರಾದರೂ ಪಾರ್ಸಿ, ಮೋಡಿ, ಹಳಗನ್ನಡ ದಾಖಲೆಗಳನ್ನು ಓದುವ ಇತಿಹಾಸಕಾರರಾಗಲಿ. ಎಂಜಿನಿಯರ್, ಡಾಕ್ಟರ್ ಆಗುವ ಕನಸಿನ ಜೊತೆಗೆ ಈ ಕನಸಿಗೂ ಮನೆಯಲ್ಲಿ ಜಾಗ ಕೊಡಿ. ಒಂದು ರಜಾದಿನ ರಾಜಾಜಿನಗರದಿಂದಲೋ ಕೆಂಗೇರಿಯಿಂದಲೋ ಮೆಟ್ರೊ ಹಿಡಿದು ಮಾರುಕಟ್ಟೆಯ ನಿಲ್ದಾಣದಲ್ಲಿ ಇಳಿಯಿರಿ. ಮಕ್ಕಳ ಕೈ ಹಿಡಿದು ದೆಹಲಿ ಬಾಗಿಲಿನವರೆಗೆ ನಡೆಯಿರಿ. ಎಪ್ಪತ್ತು ವರ್ಷದ ಒಬ್ಬ ಅಧಿಕಾರಿ, ಹಿಂದಿನ ಬಾಗಿಲು ತೆರೆದಿದ್ದರೂ, ಇಲ್ಲಿಂದ ಕದಲಲಿಲ್ಲ ಎಂದು ಅವರಿಗೆ ಹೇಳಿ.