ಸಣ್ಣ ವಿಮಾನದಿಂದ ವೈಮಾನಿಕ ಛಾಯಾಗ್ರಹಣ: ಫಿಲ್ಮಿನ ಆಯ್ಕೆ

ಸಣ್ಣ ವಿಮಾನದಿಂದ ಫಿಲ್ಮ್ ಬಳಸಿ ಛಾಯಾಚಿತ್ರ ತೆಗೆಯಲು ಇಚ್ಛಿಸುವವರ ಹಾಗೂ ಹಳೆಯ ವೈಮಾನಿಕ ಚಿತ್ರಗಳ ಪ್ರತಿಗೆ ಅರ್ಜಿ ಸಲ್ಲಿಸುವವರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಈಗ ವೈಮಾನಿಕ ಸರ್ವೆಯು ಬಹುಪಾಲು ಡಿಜಿಟಲ್ ಕ್ಯಾಮೆರಾ ಮತ್ತು ಡ್ರೋನ್‌ಗಳ ಮೂಲಕ ನಡೆಯುತ್ತದೆ. ಆದರೆ ಹಿಂದಿನ ಶತಮಾನದ ದಾಖಲೆಗಳು ಫಿಲ್ಮಿನಲ್ಲಿಯೇ ಇವೆ. ಫಿಲ್ಮ್ ಗ್ರಹಿಸದಿರುವುದನ್ನು ಅನಂತರ ಯಾವ ಮುದ್ರಣದಿಂದಲೂ ಪಡೆಯಲಾಗದು.

ಪ್ರದೇಶಕ್ಕೆ ತಕ್ಕ ಫಿಲ್ಮ್

ಉಡುಪಿ ನಗರದ ರಸ್ತೆ, ಕಟ್ಟಡಗಳ ನಕ್ಷೆಗೆ ಪ್ಯಾನ್‌ಕ್ರೊಮ್ಯಾಟಿಕ್ ಕಪ್ಪು-ಬಿಳುಪು ಫಿಲ್ಮ್ ಸಾಕು. ಅಂಚುಗಳು ಸ್ಪಷ್ಟವಾಗಿ ಮೂಡುತ್ತವೆ. ಮಣಿಪಾಲದ ಮುರಕಲ್ಲಿನ ಗುಡ್ಡದಲ್ಲಿ ಕೋರೆ, ಬೋಳು ನೆಲ ಮತ್ತು ಒಣಹುಲ್ಲು ಕಪ್ಪು-ಬಿಳುಪಿನಲ್ಲಿ ಒಂದೇ ಬೂದುಬಣ್ಣಕ್ಕೆ ಸರಿಯುವುದರಿಂದ ಅಲ್ಲಿಗೆ ವರ್ಣ ಫಿಲ್ಮ್ ಸೂಕ್ತ.

ಕಾಪುವಿನ ಕಡಲತೀರಕ್ಕೆ ಕಪ್ಪು-ಬಿಳುಪು ಇನ್‌ಫ್ರಾರೆಡ್ ಫಿಲ್ಮ್ ಹೆಚ್ಚು ಉಪಯುಕ್ತವಾದುದು. ನೀರು ಇನ್‌ಫ್ರಾರೆಡ್ ಕಿರಣಗಳನ್ನು ಹೀರಿಕೊಳ್ಳುವುದರಿಂದ ಸಮುದ್ರ ಮತ್ತು ಹಿನ್ನೀರು ಕಪ್ಪಾಗಿಯೂ ತೆಂಗಿನ ತೋಟಗಳು ಬೆಳ್ಳಗೂ ಕಾಣುತ್ತವೆ. ಆದರೆ ಚಿತ್ರದಲ್ಲಿ ಕಾಣುವುದು ಆ ಕ್ಷಣದ ನೀರಿನ ಅಂಚೇ ಹೊರತು ಉಬ್ಬರದ ರೇಖೆಯಲ್ಲ. ಕರಾವಳಿ ನಿಯಂತ್ರಣ ವಲಯದ ಅಂತರವನ್ನು ಉಬ್ಬರದ ರೇಖೆಯಿಂದ ಅಳೆಯುವುದರಿಂದ, ಇಳಿತದ ವೇಳೆಯ ಚಿತ್ರವನ್ನು ನಂಬಿ ಮನೆಯ ಸ್ಥಳ ನಿರ್ಧರಿಸಿದವರು ನಷ್ಟಕ್ಕೊಳಗಾಗಬಹುದು. ಚಿತ್ರದ ದಿನಾಂಕ ಮತ್ತು ಸಮಯವನ್ನು ಕೇಳಿ ಪಡೆಯತಕ್ಕದ್ದು.

ಕಾರ್ಕಳದ ಪೂರ್ವಕ್ಕಿರುವ ಘಟ್ಟದಂಚಿನ ಕಾಡಿನಲ್ಲಿ ಆರೋಗ್ಯವಂತ ಮರಗಳನ್ನು ಸೊರಗಿದ ಮರಗಳಿಂದ ಬೇರ್ಪಡಿಸಲು ವರ್ಣ ಇನ್‌ಫ್ರಾರೆಡ್ ಫಿಲ್ಮ್ ಉತ್ತಮ; ಹಸಿರೆಲೆ ಅದರಲ್ಲಿ ಕೆಂಪಾಗಿ ಮೂಡುತ್ತದೆ. ಕೊಡಕ್ ಸಂಸ್ಥೆಯು ಈ ಬಗೆಯ ಏರೋಕ್ರೋಮ್ ಫಿಲ್ಮಿನ ತಯಾರಿಕೆಯನ್ನು ನಿಲ್ಲಿಸಿದೆ.

ವೇಗ, ಮಬ್ಬು ಮತ್ತು ಸೆಕೆ

ಗಂಟೆಗೆ 180 ಕಿ.ಮೀ. ವೇಗದ ವಿಮಾನವು ಸೆಕೆಂಡಿಗೆ 50 ಮೀಟರ್ ಸಾಗುತ್ತದೆ. ಷಟರ್ 1/60 ಸೆಕೆಂಡ್ ತೆರೆದಿದ್ದರೆ ವಿಮಾನ 80 ಸೆಂ.ಮೀ.ಗೂ ಹೆಚ್ಚು ಮುಂದೆ ಸರಿದಿರುತ್ತದೆ. 1/500ರಲ್ಲಿ ಕೇವಲ 10 ಸೆಂ.ಮೀ. ಕೈಯಲ್ಲಿ ಹಿಡಿಯುವ ಕ್ಯಾಮೆರಾಕ್ಕೆ 400 ಐಎಸ್‌ಒ ಫಿಲ್ಮ್ ಅನುಕೂಲಕರ. ನಿಧಾನ ಫಿಲ್ಮ್ ಸೂಕ್ಷ್ಮ ವಿವರ ಕೊಟ್ಟರೂ ಒಳ್ಳೆಯ ಬಿಸಿಲು ಬೇಕು. ಕ್ಯಾಮೆರಾವನ್ನಾಗಲಿ ಮೊಣಕೈಯನ್ನಾಗಲಿ ವಿಮಾನದ ಚೌಕಟ್ಟಿಗೆ ಒರಗಿಸಬಾರದು.

ಕಡಲ ಮೇಲಿನ ಮಬ್ಬು ನೀಲಿ ಬೆಳಕನ್ನು ಹೆಚ್ಚು ಚದುರಿಸುವುದರಿಂದ ಕಪ್ಪು-ಬಿಳುಪು ಫಿಲ್ಮಿಗೆ ಹಳದಿ ಫಿಲ್ಟರ್, ಇನ್‌ಫ್ರಾರೆಡ್ ಫಿಲ್ಮಿಗೆ ಕೆಂಪು ಫಿಲ್ಟರ್ ಅಗತ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲ ಈ ಕೆಲಸಕ್ಕೆ ತಕ್ಕುದಲ್ಲ. ಕರಾವಳಿಯ ಸೆಕೆಗೆ ಫಿಲ್ಮ್ ಬೇಗ ಕೆಡುತ್ತದೆ. ಫ್ರಿಜ್‌ನಿಂದ ತೆಗೆದ ಫಿಲ್ಮನ್ನು ಕೋಣೆಯ ಉಷ್ಣತೆಗೆ ಬರುವವರೆಗೆ ಬಿಚ್ಚದಿರುವುದು ಲೇಸು. ಇಲ್ಲವಾದಲ್ಲಿ ತೇವ ಕೂರುತ್ತದೆ.

ಅರ್ಜಿದಾರರ ಗಮನಕ್ಕೆ

ವಿಮಾನದಿಂದ ಛಾಯಾಚಿತ್ರ ತೆಗೆಯುವ ಮುನ್ನ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮಗಳಂತೆ ಅನುಮತಿಯನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಡ್ರೋನ್ ಬಳಸುವವರಿಗೆ 2021ರ ಡ್ರೋನ್ ನಿಯಮಗಳು ಅನ್ವಯಿಸುತ್ತವೆ. ಹಳೆಯ ಚಿತ್ರ ಕೋರುವವರು ಗ್ರಾಮದ ಹೆಸರು ಮತ್ತು ಉದ್ದೇಶದ ಜೊತೆಗೆ ಬೇಕಾದ ಫಿಲ್ಮಿನ ಬಗೆಯನ್ನೂ ನಮೂದಿಸುವುದು ಒಳಿತು. ವೈಮಾನಿಕ ಚಿತ್ರವು ಪಹಣಿಗೆ ಅಥವಾ ಸರ್ವೆ ನಕ್ಷೆಗೆ ಬದಲಿಯಲ್ಲ.