ಅಕ್ಷಯ ವಸ್ತ್ರದ ಪಾಠಭೇದ

ಮೇಜಿನ ಸುತ್ತ ಕುಳಿತು ದಾಳ ಉರುಳಿಸಿ ಕಥೆ ಕಟ್ಟುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟ 1974ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ಮಂತ್ರದ ಕವಚ ಯಾವ ಪೆಟ್ಟನ್ನು ತಡೆಯುತ್ತದೆ, ಯಾವುದಕ್ಕೆ ಸೋಲುತ್ತದೆ ಎಂದು ಅದನ್ನಾಡುವವರು ಇಂದಿಗೂ ಜಗಳಾಡುತ್ತಾರೆ. ಇಂಥ ಪ್ರಶ್ನೆಗಳು ಪುಣೆಯ ಪಂಡಿತರ ಮೇಜಿಗೆ ಅದಕ್ಕೂ ಎಷ್ಟೋ ಮೊದಲೇ ಬಂದಿದ್ದವು. ಅವರ ಮುಂದಿದ್ದದ್ದು ಮಹಾಭಾರತ.

1917ರಲ್ಲಿ ಸ್ಥಾಪನೆಯಾದ ಭಂಡಾರಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರ ಎರಡೇ ವರ್ಷದಲ್ಲಿ ಆ ಗ್ರಂಥದ ಪರಿಷ್ಕರಣೆಗೆ ಇಳಿಯಿತು. 1925ರಲ್ಲಿ ಪ್ರಧಾನ ಸಂಪಾದಕರಾದ ವಿಷ್ಣು ಸೀತಾರಾಮ ಸುಕ್ಥಣಕರ್ ನಿಯಮವನ್ನು ಬಿಗಿಗೊಳಿಸಿದರು: ಉತ್ತರ, ದಕ್ಷಿಣ ಎರಡೂ ಪರಂಪರೆಗಳ ಹಸ್ತಪ್ರತಿಗಳು ಒಪ್ಪಿದ್ದು ಮೂಲಪಾಠ, ಉಳಿದದ್ದು ಅಡಿಟಿಪ್ಪಣಿ. ಓದುಗರಿಗೆ ಎಷ್ಟು ಪ್ರಿಯವಾದ ಪ್ರಸಂಗಕ್ಕೂ ರಿಯಾಯಿತಿ ಇಲ್ಲ.

ಕಾವ್ಯದೊಳಗಿನ ಮಾಯೆಗೂ ಕಟ್ಟುಪಾಡುಗಳಿವೆ. ದ್ರೋಣಪರ್ವವನ್ನೇ ನೋಡಿ. ದ್ರೋಣ ಮಂತ್ರ ಹೇಳಿ ಕಟ್ಟಿದ ಕವಚ ತೊಟ್ಟು ದುರ್ಯೋಧನ ಎದುರು ನಿಂತಾಗ ಗಾಂಡೀವದ ಬಾಣಗಳು ತಾಗಿ ಕೆಳಗೆ ಬೀಳುತ್ತವೆ. ಕೃಷ್ಣನಿಗೇ ಆಶ್ಚರ್ಯ! ಅರ್ಜುನ ಅಸ್ತ್ರ ಪ್ರಯೋಗಿಸುತ್ತಾನೆ. ಅಶ್ವತ್ಥಾಮ ದೂರದಿಂದಲೇ ಅದನ್ನು ಕತ್ತರಿಸುತ್ತಾನೆ. ಅದೇ ಅಸ್ತ್ರವನ್ನು ಮತ್ತೆ ಬಿಟ್ಟರೆ ಅದು ಬಿಟ್ಟವನನ್ನೂ ಅವನ ಸೈನ್ಯವನ್ನೂ ಕೊಲ್ಲುತ್ತದೆ. ಆಗ ಅರ್ಜುನ ಕವಚದ ತಂಟೆಗೇ ಹೋಗದೆ ಕುದುರೆಗಳನ್ನು ಕೆಡವಿ, ಬಿಲ್ಲು ಮುರಿದು, ಅಂಗೈಗಳಿಗೆ ಬಾಣ ನೆಡುತ್ತಾನೆ. ನಿಯಮ ಮುರಿಯಲಿಲ್ಲ, ಅದರ ಸಂದು ಹುಡುಕಿದ.

ಪುಣೆಯ ನಿಯಮಕ್ಕೆ ನಿಜವಾದ ಪರೀಕ್ಷೆ ಎದುರಾದದ್ದು ಸಭಾಪರ್ವದಲ್ಲಿ. ತನ್ನನ್ನೇ ಸೋತವನಿಗೆ ಹೆಂಡತಿಯನ್ನು ಪಣಕ್ಕಿಡುವ ಹಕ್ಕು ಉಳಿದಿತ್ತೇ ಎಂದು ದ್ರೌಪದಿ ಕೇಳುತ್ತಾಳೆ. ಧರ್ಮ ಸೂಕ್ಷ್ಮ ಎಂದು ಭೀಷ್ಮ ಜಾರಿಕೊಳ್ಳುತ್ತಾನೆ. ಸೀರೆ ಸೆಳೆದಾಗ ಅವಳನ್ನು ಕಾದವರು ಯಾರು? ಗದುಗಿನ ಭಾರತ ಕೇಳಿ ಬೆಳೆದ ಕನ್ನಡಿಗರಿಗೆ ಇದು ಪ್ರಶ್ನೆಯೇ ಅಲ್ಲ. ಆದರೆ ಕೃಷ್ಣನಿಗೆ ಮೊರೆಯಿಡುವ ಶ್ಲೋಕಗಳ ವಿಷಯದಲ್ಲಿ ಹಸ್ತಪ್ರತಿಗಳು ಒಂದಕ್ಕೊಂದು ಹೊಂದಲಿಲ್ಲ. 1944ರಲ್ಲಿ ಈ ಪರ್ವ ಸಂಪಾದಿಸಿದ ಅಮೆರಿಕದ ಫ್ರಾಂಕ್ಲಿನ್ ಎಡ್ಜರ್ಟನ್ ಅವನ್ನು ಅಡಿಟಿಪ್ಪಣಿಗೆ ಇಳಿಸಿದರು. ಮೂಲಪಾಠದಲ್ಲಿ ಸೆಳೆದಷ್ಟೂ ವಸ್ತ್ರ ಬರುತ್ತದೆ, ಕೊಟ್ಟವರ ಹೆಸರಿಲ್ಲ.

ಸಂಪಾದಕರು ಭಕ್ತಿಗೆ ಮಣಿಯಲಿಲ್ಲ ಎಂಬುದು ದೊಡ್ಡ ಮಾತೇ. ಆದರೆ ಅವರು ಭಕ್ತಿಯ ವಿರೋಧಿಗಳೂ ಆಗಿರಲಿಲ್ಲ. ದೂರದಲ್ಲಿದ್ದ ತನ್ನನ್ನು ದ್ರೌಪದಿ ‘ಗೋವಿಂದಾ’ ಎಂದು ಕೂಗಿದ್ದಳು, ಆ ಋಣ ಬೆಳೆಯುತ್ತಲೇ ಇದೆ ಎಂದು ಉದ್ಯೋಗಪರ್ವದಲ್ಲಿ ಕೃಷ್ಣ ಹೇಳುತ್ತಾನೆ. ಸುಶೀಲ್ ಕುಮಾರ್ ಡೇ 1940ರಲ್ಲಿ ಸಂಪಾದಿಸಿದ ಆ ಪರ್ವದಲ್ಲಿ ಈ ಮಾತು ಮೂಲಪಾಠದಲ್ಲೇ ಇದೆ. 1966ರಲ್ಲಿ ಪೂರ್ಣಗೊಂಡ ಪುಣೆಯ ಆವೃತ್ತಿ ಎರಡನ್ನೂ ಹಾಗೆಯೇ ಉಳಿಸಿಕೊಂಡಿತು.